ತಗಡಿನ ಮೇಲೆ ವ್ಯಾನ್ ಗೋ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ತಿಂಗಳು ಇದೇ ಅಂಕಣದಲ್ಲಿ ಮೆಟಲ್ ಪ್ರಿಂಟ್, ಅಂದರೆ ಲೋಹದ ತಗಡಿನ ಮೇಲೆ ಅಚ್ಚು ಹಾಕಿದ ಚಿತ್ರದ ಬಗ್ಗೆ ಎರಡೇ ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯವೇ ಜಾಸ್ತಿ. ಮೊದಲೇ ಹೇಳಿಬಿಡುತ್ತೇನೆ, ನಾನು ಚಿತ್ರಕಾರ ಅಲ್ಲ. ಬೆಳಗಾವಿಯ ಶಹಾಪುರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವವನು. ದೇವರ ಫೋಟೋ, ಮದುವೆ ಫೋಟೋ, ತೀರಿಕೊಂಡ ಹಿರಿಯರ ಫೋಟೋ, ಎಲ್ಲಕ್ಕೂ ಕಟ್ಟು ಹಾಕಿದ ಕೈ ಇದು. ಈಚೆಗೆ ತಗಡಿನ ಮೇಲೆ ಅಚ್ಚಾದ ಚಿತ್ರ ಹಿಡಿದುಕೊಂಡು "ಇದನ್ನ ಹೆಂಗ್ ಹಚ್ಚೋದ್ರಿ" ಅಂತ ಬರುವವರೂ ಇದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಟಿಳಕವಾಡಿ, ಬೆಳಗಾವಿಯಿಂದ: ನಾನು ಉದ್ಯಮಬಾಗದಲ್ಲಿ ಕೆಲಸ ಮಾಡುತ್ತೇನೆ. ಅಲ್ಯೂಮಿನಿಯಂ ತಗಡಿನ ರೇಟು ನನಗೆ ಬಾಯಿಪಾಠ. ಹೊಸ ಮನೆಯ ಹಾಲ್‌ಗೆ ಡಚ್ ಚಿತ್ರಕಾರ ವ್ಯಾನ್ ಗೋ ಬರೆದ 'ಸ್ಟಾರಿ ನೈಟ್' ಮೆಟಲ್ ಪ್ರಿಂಟ್ ತರಿಸಬೇಕು ಅಂತಿದ್ದೇನೆ. ಅದೇ ಚಿತ್ರ, ಅದೇ 2 ಅಡಿ 3 ಅಡಿ ಸೈಜು. ಆದರೆ ಒಬ್ಬರು ಸಾವಿರ ಚಿಲ್ಲರೆ ಅನ್ನುತ್ತಾರೆ, ಇನ್ನೊಬ್ಬರು ಎಂಟು ಸಾವಿರ. ತಗಡಿಗೆ ಇಷ್ಟು ವ್ಯತ್ಯಾಸ ಹೇಗೆ ಸಾಧ್ಯ?

ಸರ್, ನೀವು ತಗಡಿನ ಲೆಕ್ಕ ಹಾಕುತ್ತಿದ್ದೀರಿ, ಅಲ್ಲೇ ತಪ್ಪಿತು. ಇಲ್ಲಿ ದುಡ್ಡು ಹೋಗುವುದು ತಗಡಿಗಲ್ಲ, ಅದರ ಮೇಲಿನ ಲೇಪಕ್ಕೆ ಮತ್ತು ಕೆಲಸಕ್ಕೆ. ಪೇಟೆಯಲ್ಲಿ 'ಮೆಟಲ್ ಪ್ರಿಂಟ್' ಅನ್ನುವ ಒಂದೇ ಹೆಸರಲ್ಲಿ ಕಡಿಮೆ ಅಂದರೂ ಮೂರು ನಾಲ್ಕು ಬೇರೆ ಬೇರೆ ಸಾಮಾನು ಮಾರುತ್ತಾರೆ.

ಅಸಲಿ ಅನ್ನಬಹುದಾದದ್ದು ಸಬ್ಲಿಮೇಷನ್. ಹುಟ್ಟುಹಬ್ಬಕ್ಕೆ ಫೋಟೋ ಹಾಕಿದ ಕಪ್ ಕೊಡುತ್ತಾರಲ್ಲ, ಅದೇ ವಿದ್ಯೆ. ಚಿತ್ರವನ್ನು ಮೊದಲು ಒಂದು ಕಾಗದದ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಅಚ್ಚು ಹಾಕುತ್ತಾರೆ. ಆಮೇಲೆ ಲೇಪ ಹಚ್ಚಿದ ಅಲ್ಯೂಮಿನಿಯಂ ಹಾಳೆಯ ಮೇಲೆ ಅದನ್ನಿಟ್ಟು, ಹೆಚ್ಚುಕಡಿಮೆ 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒತ್ತುತ್ತಾರೆ. ಬಣ್ಣ ಕರಗಿ ನೀರಾಗುವುದಿಲ್ಲ, ಸೀದಾ ಆವಿಯಾಗಿ ಲೇಪದೊಳಗೆ ಹೊಕ್ಕುತ್ತದೆ. ತಣ್ಣಗಾದಾಗ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ಬಣ್ಣ ತಗಡಿನ ಮೇಲೆ ಕೂತಿರುವುದಿಲ್ಲ, ಲೇಪದ ಒಳಗಿರುತ್ತದೆ. ನೀವು ಕಾರ್ಖಾನೆಯಿಂದ ಬರೀ ತಗಡು ತಂದುಕೊಟ್ಟು ಇದರ ಮೇಲೆ ಹಾಕಿಕೊಡಿ ಅಂದರೆ ಬಣ್ಣ ಹಿಡಿಯುವುದೇ ಇಲ್ಲ.

ಎರಡನೆಯದು ಬೋರ್ಡ್ ಅಂಗಡಿಯ ಎಸಿಪಿ ಹಾಳೆ, ಅಂದರೆ ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವುದು. ಅಂಗಡಿಗಳ ಮುಂದೆ ಹೊದಿಸಿರುತ್ತಾರಲ್ಲ ಅದು. ಅದರ ಮೇಲೆ ಯುವಿ (ನೇರಳಾತೀತ ಬೆಳಕಿನಲ್ಲಿ ಮಸಿ ಒಣಗಿಸುವ) ಮಷೀನ್‌ನಲ್ಲಿ ನೇರವಾಗಿ ಅಚ್ಚು ಹಾಕುತ್ತಾರೆ. ಇದೇನು ಕೆಟ್ಟದ್ದಲ್ಲ, ಚೆನ್ನಾಗಿ ಮಾಡಿದರೆ ವರ್ಷಗಟ್ಟಲೆ ಇರುತ್ತದೆ, ಆದರೆ ಬಣ್ಣ ಮೇಲೆಯೇ ಕೂತಿರುವುದರಿಂದ ಗೀರು ಬೇಗ ಬೀಳುತ್ತದೆ. ಮೂರನೆಯದು ಸುಮ್ನೆ ವಿನೈಲ್ ಸ್ಟಿಕ್ಕರ್, ತಗಡಿಗೆ ಅಂಟಿಸಿದ್ದು. ನಾಲ್ಕನೆಯದು ತೆಳ್ಳನೆಯ ಉಕ್ಕಿನ ತಗಡು, ಅಂದರೆ ಹಳೇ ಬಿಸ್ಕತ್ ಡಬ್ಬಿಯ ಜಾತಿ.

ಗುರುತಿಸುವುದು ಕಷ್ಟ ಅಲ್ಲ. ಮನೆಯ ಫ್ರಿಜ್ ಮೇಲಿನ ಮ್ಯಾಗ್ನೆಟ್ ಒಂದನ್ನು ಹಿಡಿದು ನೋಡಿ. ಅಂಟಿಕೊಂಡರೆ ಉಕ್ಕು, ಅಲ್ಯೂಮಿನಿಯಂ ಅಲ್ಲ. ಅಂಚನ್ನು ಓರೆಯಾಗಿ ನೋಡಿ. ಎರಡು ಬೆಳ್ಳಿ ಗೆರೆಗಳ ನಡುವೆ ಕ್ರೀಮ್ ಬಿಸ್ಕತ್ತಿನ ಹಾಗೆ ಪ್ಲಾಸ್ಟಿಕ್ ಕಂಡರೆ ಅದು ಎಸಿಪಿ. ಮೂಲೆಯಲ್ಲಿ ಉಗುರು ತಾಗಿಸಿ, ಪದರ ಎದ್ದರೆ ಸ್ಟಿಕ್ಕರ್. ಕಣ್ಣುಮುಚ್ಚಿ ಬೆರಳು ಆಡಿಸಿ, ಕಪ್ಪು ಬಣ್ಣ ಇದ್ದಲ್ಲಿ ಸಣ್ಣ ರವೆಯ ಹಾಗೆ ತರಿ ತರಿ ಅನ್ನಿಸಿದರೆ ಯುವಿ. ಎಲ್ಲ ಕಡೆಯೂ ಗಾಜಿನ ಹಾಗೆ ಒಂದೇ ಸಮ ಇದ್ದರೆ ಸಬ್ಲಿಮೇಷನ್. ಆನ್‌ಲೈನ್‌ನಲ್ಲಿ ತರಿಸುವವರು ಬೆರಳು ಆಡಿಸುವುದು ಹೇಗೆ ಅಂದರೆ, ಮೊದಲು ಅಂಗೈ ಅಗಲದ ಸ್ಯಾಂಪಲ್ ತುಂಡು ಕೇಳಿ. ಎಂಟು ಸಾವಿರ ತೆಗೆದುಕೊಳ್ಳುವವನು ಅಷ್ಟು ಕೊಡಲೇಬೇಕು. ಕೊಡದಿದ್ದರೆ ಬಿಡಿ.

ಇನ್ನೊಂದು ಮಾತು. ಸ್ಟಾರಿ ನೈಟ್‌ನ ಅಸಲಿ ಚಿತ್ರ ನ್ಯೂಯಾರ್ಕ್‌ನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿದೆ, ಅಳತೆ 73.7 ಸೆಂ.ಮೀ. ಎತ್ತರ, 92.1 ಸೆಂ.ಮೀ. ಅಗಲ. ಅಂದರೆ ಅಗಲ ಮೂರು ಅಡಿ ಸರಿ, ಎತ್ತರ ಎರಡು ಅಡಿಗಿಂತ ಜಾಸ್ತಿ. ನಿಮಗೆ 2ಕ್ಕೆ 3ರ ಸೈಜಿನಲ್ಲಿ ಕೊಡುತ್ತಾರೆ ಅಂದರೆ ಮೇಲೆ ಕೆಳಗೆ ಸೇರಿ ಸುಮಾರು ಐದು ಇಂಚು ಕತ್ತರಿಸಿದ್ದಾರೆ, ಇಲ್ಲವೇ ಚಿತ್ರವನ್ನು ಎಳೆದು ಅಗಲ ಮಾಡಿದ್ದಾರೆ. ಎಡಗಡೆ ಆ ಕಪ್ಪು ಸೈಪ್ರೆಸ್ ಮರ ಇದೆಯಲ್ಲ, ಅದರ ತುದಿ ಹೆಚ್ಚುಕಡಿಮೆ ಚಿತ್ರದ ಮೇಲಂಚಿನವರೆಗೆ ಹೋಗುತ್ತದೆ. ನಿಮ್ಮ ಪ್ರಿಂಟ್‌ನಲ್ಲಿ ಮರದ ತಲೆ ಹಾರಿದ್ದರೆ ಕತ್ತರಿ ಬಿದ್ದಿದೆ ಅಂತ ತಿಳಿಯಿರಿ. ಅಸಲಿ ಅಳತೆಯ ಪ್ರಮಾಣದಲ್ಲೇ ಮಾಡಿಕೊಡಿ ಅಂತ ಕೇಳಿ. ಮಾಡಿಕೊಡುತ್ತಾರೆ.

ವಿಜಯಪುರದ ಒಬ್ಬ ಶಿಕ್ಷಕರಿಂದ: ಮದುವೆಯಾಗಿ ಇಪ್ಪತ್ತೈದು ವರ್ಷ ಆಯಿತೆಂದು ಆಸ್ಟ್ರಿಯಾದ ಚಿತ್ರಕಾರ ಕ್ಲಿಮ್ಟ್ ಬರೆದ 'ದಿ ಕಿಸ್' ಮೆಟಲ್ ಪ್ರಿಂಟ್ ತರಿಸಿದೆ. ಮೊಬೈಲ್‌ನಲ್ಲಿ ಬಂಗಾರದ ಹಾಗೆ ಹೊಳೆಯುತ್ತಿತ್ತು. ಮನೆಗೆ ಬಂದ ಮೇಲೆ ನೋಡಿದರೆ ಬಂಗಾರವೇನೋ ಇದೆ, ಆದರೆ ಆ ಹೆಂಗಸಿನ ಮುಖ, ಕೈ ಎಲ್ಲ ಬೂದಿ ಬಳಿದ ಹಾಗಿದೆ. ನಮ್ಮ ಮನೆಯವರು "ಇದೇನ್ರಿ, ಜೀವಾ ಹೋದಂಗದ" ಅಂದರು. ತಪ್ಪು ಯಾರದು?

ನಿಮ್ಮದಲ್ಲ, ಅಂಗಡಿಯವನು ಕೇಳಬೇಕಿದ್ದ ಒಂದು ಪ್ರಶ್ನೆ ಕೇಳಿಲ್ಲ. ಸಬ್ಲಿಮೇಷನ್‌ನಲ್ಲಿ ಬಿಳಿ ಬಣ್ಣ ಅನ್ನುವುದೇ ಇಲ್ಲ. ಮಸಿ ಪಾರದರ್ಶಕ, ಬಿಳಿ ಬೇಕಾದ ಕಡೆ ಮಸಿ ಬೀಳುವುದಿಲ್ಲ, ಕೆಳಗಿನದೇ ಕಾಣುತ್ತದೆ. ಕೆಳಗೆ ಬಿಳಿ ಲೇಪ ಇದ್ದರೆ ಬಿಳಿ. ಬರೀ ಪಾರದರ್ಶಕ ಲೇಪ ಇದ್ದರೆ ಅಲ್ಯೂಮಿನಿಯಂನ ಬೆಳ್ಳಿ ಬಣ್ಣವೇ ಇಣುಕುತ್ತದೆ. ನಿಮಗೆ ಕೊಟ್ಟಿರುವುದು ಎರಡನೆಯದು. ಹಳದಿ ಇದ್ದಲ್ಲಿ ಕೆಳಗಿನ ಬೆಳ್ಳಿ ಸೇರಿ ಬಂಗಾರದ ಹಾಗೆ ಕಾಣುತ್ತದೆ, ಅದೇನೋ ಚಂದ. ಆದರೆ ಮುಖದ ತಿಳಿ ಬಣ್ಣದ ಕೆಳಗೂ ಅದೇ ಬೆಳ್ಳಿ ಬಂದು ಚರ್ಮ ಬೂದಿಯಾಗುತ್ತದೆ. ಮುಖ ಇರುವ ಚಿತ್ರಕ್ಕೆ ಬಿಳಿ ಲೇಪದ ಹಾಳೆಯನ್ನೇ ಕೇಳಬೇಕು. ಇದೊಂದು ಮಾತು ನೆನಪಿಟ್ಟುಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ.

ಆ ಚಿತ್ರದ ಅಸಲಿಯಲ್ಲಿ ಕ್ಲಿಮ್ಟ್ ನಿಜವಾದ ಚಿನ್ನದ ರೇಕು ಅಂಟಿಸಿದ್ದಾನೆ. 1907-08ರಲ್ಲಿ ಬರೆದದ್ದು, ಈಗ ವಿಯೆನ್ನಾದ ಬೆಲ್ವೆಡೆರೆ ಅರಮನೆಯಲ್ಲಿದೆ. ಚಿನ್ನದ ರೇಕು ನಾವು ಅತ್ತಿತ್ತ ಸರಿದಂತೆ ಒಮ್ಮೆ ಹೊಳೆಯುತ್ತದೆ, ಒಮ್ಮೆ ಕಂದುತ್ತದೆ. ಕಾಗದದ ಮೇಲೆ ಆ ಆಟ ಬರುವುದಿಲ್ಲ, ತಗಡಿನ ಮೇಲೆ ಸ್ವಲ್ಪ ಬರುತ್ತದೆ. ಹಾಗಾಗಿ ನಿಮ್ಮ ಆಯ್ಕೆ ಕೆಟ್ಟದ್ದಲ್ಲ. ಇನ್ನೊಮ್ಮೆ ಅಳತೆ ನೋಡಿ. ಅಸಲಿ ಚಿತ್ರ 180 ಸೆಂ.ಮೀ.ನ ಸರಿಯಾದ ಚೌಕ. ನಿಮ್ಮ ಪ್ರಿಂಟ್ ಉದ್ದುದ್ದ ಇದ್ದರೆ ಅಕ್ಕಪಕ್ಕದ ಜಾಗ ಕತ್ತರಿಸಿ ಬಿಸಾಕಿದ್ದಾರೆ. ವಾಪಸ್ ಕಳಿಸುವ ಅವಧಿ ಮುಗಿದಿಲ್ಲ ಅಂದರೆ ಕಳಿಸಿಬಿಡಿ. ಮುಗಿದಿದ್ದರೆ ಹಳದಿ ಬೆಳಕಿನ ಬಲ್ಬ್ ಬೀಳುವ ಕಡೆ ತೂಗುಹಾಕಿ ನೋಡಿ. ಬಿಳಿ ಟ್ಯೂಬ್‌ಲೈಟ್ ಕೆಳಗೆ ಆ ಬೂದಿ ಇನ್ನೂ ಎದ್ದು ಕಾಣುತ್ತದೆ.

ಬಾಗಲಕೋಟೆ ನವನಗರದಿಂದ: ನಮ್ಮದು ಖಾನಾವಳಿ. ಗೋಡೆಗೆ ಚಿತ್ರಕಾರ ಎಂ.ಎಫ್. ಹುಸೇನ್ ಅವರ ಕುದುರೆ ಚಿತ್ರ ಹಾಕಬೇಕು ಅಂತ ಮಗನ ಆಸೆ. ಚಿತ್ರ ವಾಟ್ಸಾಪ್‌ನಲ್ಲಿ ಬಂದಿದೆ. ಬೋರ್ಡ್ ಅಂಗಡಿಯವರು ನಾಲ್ಕು ಅಡಿ ಅಗಲಕ್ಕೆ ಹಾಕಿಕೊಡುತ್ತೇವೆ ಅನ್ನುತ್ತಾರೆ. ಹಾಕಿಸಲಾ?

ಅಣ್ಣಾರ, ಬೇಡ. ಕಾರಣ ಎರಡು.

ಮೊದಲನೆಯದು ಕಾನೂನು. ನಮ್ಮ ದೇಶದಲ್ಲಿ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಚಿತ್ರಕಾರ ಬದುಕಿರುವವರೆಗೂ, ಆತ ತೀರಿಕೊಂಡ ಮರುವರ್ಷದಿಂದ ಎಣಿಸಿ ಇನ್ನೂ 60 ವರ್ಷವೂ ಹಕ್ಕು ಇರುತ್ತದೆ. ಎಂ.ಎಫ್. ಹುಸೇನ್ ತೀರಿಕೊಂಡದ್ದು 2011ರಲ್ಲಿ. ಅಂದರೆ 2071 ಮುಗಿಯುವವರೆಗೆ ಅವರ ಕುದುರೆಗಳನ್ನು ಅನುಮತಿ ಇಲ್ಲದೆ ಅಚ್ಚು ಹಾಕಿ ಮಾರುವ ಹಾಗಿಲ್ಲ. ಬೋರ್ಡ್ ಅಂಗಡಿಯವನಿಗೆ ಇದು ಗೊತ್ತಿಲ್ಲ, ಗೊತ್ತಿದ್ದರೂ ಹೇಳುವುದಿಲ್ಲ. ಬೇಕೇ ಬೇಕು ಅಂದರೆ ಹಕ್ಕುದಾರರ ಅನುಮತಿ ಪಡೆದು ಅಚ್ಚು ಹಾಕಿದ ಪ್ರಿಂಟ್‌ಗಳನ್ನು ಹುಡುಕಿ. ಹುಸೇನ್ ಹುಟ್ಟಿದ್ದು ಪಂಢರಪುರದಲ್ಲಿ, ನಮ್ಮ ಜನ ಆಷಾಢದಲ್ಲಿ ದಿಂಡಿ ಕಟ್ಟಿಕೊಂಡು ನಡೆದುಹೋಗುವ ಅದೇ ಪಂಢರಪುರ. ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದ ಮನುಷ್ಯ. ನಾಲ್ಕು ಅಡಿಯ ಕುದುರೆ ನೋಡಿ ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲವೇನೋ, ಆದರೆ ಕಳ್ಳ ಪ್ರತಿ ಕಳ್ಳ ಪ್ರತಿಯೇ.

ಎರಡನೆಯದು ಫೈಲ್. ವಾಟ್ಸಾಪ್‌ನಲ್ಲಿ ಬರುವ ಚಿತ್ರ ಸಾಮಾನ್ಯವಾಗಿ ಕುಗ್ಗಿ ಬರುತ್ತದೆ. ಉದ್ದದ ಕಡೆ 1600 ಪಿಕ್ಸೆಲ್, ಅಂದರೆ ಚುಕ್ಕೆ ಇದೆ ಅಂತಲೇ ಇಟ್ಟುಕೊಳ್ಳಿ. ಅದನ್ನು ನಾಲ್ಕು ಅಡಿಗೆ, ಅಂದರೆ 48 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 33 ಚುಕ್ಕೆ. ಚೆನ್ನಾಗಿ ಕಾಣಬೇಕಾದರೆ ಇಂಚಿಗೆ 150 ಆದರೂ ಬೇಕು. ಹತ್ತಿರದ ಟೇಬಲ್‌ನಲ್ಲಿ ರೊಟ್ಟಿ ಮುರಿಯುತ್ತ ಕೂತವನಿಗೆ ಕುದುರೆ ಬದಲು ಚೌಕ ಚೌಕ ಕಾಣುತ್ತದೆ. ಕ್ಯಾನ್ವಾಸ್ ಬಟ್ಟೆಯ ನೇಯ್ಗೆ ಇಂಥ ದೋಷವನ್ನು ಸ್ವಲ್ಪ ಮುಚ್ಚುತ್ತದೆ, ತಗಡು ಮುಚ್ಚುವುದಿಲ್ಲ.

ಹಾಗಾದರೆ ಯಾರದು ಹಾಕಿಸಬಹುದು? ಎಸ್.ಎಚ್. ರಜಾ, ಹೆಬ್ಬಾರ್, ಪಿಕಾಸೊ ಈ ಚಿತ್ರಕಾರರ ಯಾರ ಚಿತ್ರವೂ ಇನ್ನೂ ಹಕ್ಕುಮುಕ್ತ ಆಗಿಲ್ಲ. ರಜಾ ತೀರಿಕೊಂಡದ್ದು 2016ರಲ್ಲಿ, ನಮ್ಮ ಕೆ.ಕೆ. ಹೆಬ್ಬಾರರು 1996ರಲ್ಲಿ, ಪಿಕಾಸೊ 1973ರಲ್ಲಿ, ಲೆಕ್ಕ ನೀವೇ ಹಾಕಿ. ಅಮೃತಾ ಶೇರ್‌ಗಿಲ್ ಮತ್ತು ರವೀಂದ್ರನಾಥ ಠಾಕೂರರು 1941ರಲ್ಲೇ ತೀರಿಕೊಂಡರು, ಅವರವು ಮುಕ್ತ. ಯುರೋಪಿನ ಚಿತ್ರಕಾರರಾದ ಮೊಂಡ್ರಿಯಾನ್, ಕ್ಯಾಂಡಿನ್‌ಸ್ಕಿ ಇಬ್ಬರೂ 1944. ಹಿಮಾಲಯ ಬರೆದ ನಿಕೊಲಾಯ್ ರೋರಿಕ್ 1947. ನನ್ನ ಮಾತು ಕೇಳುವುದಾದರೆ ಗಗನೇಂದ್ರನಾಥ ಠಾಕೂರರನ್ನು ಒಮ್ಮೆ ನೋಡಿ, ತೀರಿಕೊಂಡದ್ದು 1938ರಲ್ಲಿ. ಅವರ ಕ್ಯೂಬಿಸ್ಟ್ (ನೋಟವನ್ನು ಕೋನ ಕೋನವಾಗಿ ಒಡೆದು ತೋರಿಸುವ) ಚಿತ್ರಗಳಲ್ಲಿ ಕತ್ತಲ ಮನೆಯೊಳಗೆ ಬೆಳಕು ಚೂರು ಚೂರಾಗಿ ಬಿದ್ದಿರುತ್ತದೆ. ತಗಡಿನ ಮೇಲೆ ಅಂಥ ಬೆಳಕು ಒಳಗಿಂದ ಬಂದ ಹಾಗೆ ಕಾಣುತ್ತದೆ. ರೋರಿಕ್‌ನ ನೀಲಿ ಬೆಟ್ಟಗಳೂ ಹಾಗೇ. ಅಮೃತಾ ಅವರ 1935ರ 'ಮೂವರು ಹುಡುಗಿಯರು' ಮಾತ್ರ ನಾನು ತಗಡಿನ ಮೇಲೆ ಹಾಕಿಸುವುದಿಲ್ಲ. ಆ ಕೆಂಪು ಮಣ್ಣಿನ ಕೆಂಪು, ಅದಕ್ಕೆ ಹೊಳಪು ಬಂದರೆ ಹುಡುಗಿಯರ ಮುಖದ ಮೌನವೇ ಹೋಗಿಬಿಡುತ್ತದೆ. ಅದಕ್ಕೆ ಕಾಗದವೋ ಬಟ್ಟೆಯೋ ಸರಿ.

ವಿದೇಶಿ ಚಿತ್ರಗಳಿಗೆ ಒಳ್ಳೆ ಫೈಲ್ ಪುಕ್ಕಟೆ ಸಿಗುತ್ತದೆ ಅನ್ನುವುದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ತನ್ನಲ್ಲಿರುವ ಹಕ್ಕುಮುಕ್ತ ಚಿತ್ರಗಳ ದೊಡ್ಡ ಫೈಲ್‌ಗಳನ್ನು ಯಾರು ಹೇಗೆ ಬೇಕಾದರೂ ಬಳಸಲು ಬಿಟ್ಟಿದೆ. ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ ಕೂಡ ಬಿಟ್ಟಿದೆ. ಮೆಟ್ರೊಪಾಲಿಟನ್‌ನಲ್ಲಿ ವ್ಯಾನ್ ಗೋನ ಸೈಪ್ರೆಸ್ ಮರಗಳಿರುವ ಗೋಧಿ ಹೊಲ ಇದೆ, 1889ರದು, ಸ್ಟಾರಿ ನೈಟ್ ಬರೆದ ಅದೇ ಬೇಸಿಗೆಯದು. ಖಾನಾವಳಿಗೆ ಗೋಧಿ ಹೊಲ ಕುದುರೆಗಿಂತ ಚೆನ್ನಾಗಿ ಹೊಂದುತ್ತದೆ. ಜೋಳದ ಹೊಲ ಬರೆದದ್ದು ನಾನು ನೋಡಿಲ್ಲ, ಏನು ಮಾಡೋಣ!

ಒಲೆಯ ಗೋಡೆಗೆ ಮಾತ್ರ ಬೇಡ. ಎಣ್ಣೆ ಜಿಡ್ಡು ಕೂತರೆ ಒರೆಸಬಹುದು, ಆದರೆ ದಿನಾ ಒರೆಸುವ ಹುಡುಗ ಪಾತ್ರೆ ತಿಕ್ಕುವ ಜಾಲಿಯನ್ನೇ ಹಿಡಿಯುತ್ತಾನೆ.

ಇಳಕಲ್‌ನಿಂದ ಒಬ್ಬ ತಂಗಿ: ಅಣ್ಣಾ, ನಮ್ಮದು ಅಜ್ಜನ ಕಾಲದ ಮಾಳಿಗೆ ಮನೆ, ಮಣ್ಣಿನ ಗೋಡೆ. ಮೊಳೆ ಹೊಡೆದರೆ ಮುಷ್ಟಿಯಷ್ಟು ಮಣ್ಣು ಉದುರುತ್ತದೆ. ಮೆಟಲ್ ಪ್ರಿಂಟ್ ಭಾರ ತಡೆಯುತ್ತದೆಯೇ?

ತಂಗಿ, ಮೆಟಲ್ ಅಂದಕೂಡಲೇ ಎಲ್ಲರೂ ಭಾರ ಅಂದುಕೊಳ್ಳುತ್ತಾರೆ. 2 ಅಡಿ 3 ಅಡಿಯ, ಒಂದು ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಾಳೆ ಒಂದೂವರೆ ಕಿಲೋ ಅಷ್ಟೇ. ಅದೇ ಅಳತೆಯ ಫೋಟೋಕ್ಕೆ ಹಾಕುವ 3 ಮಿ.ಮೀ. ಗಾಜೇ ನಾಲ್ಕು ಕಿಲೋ ದಾಟುತ್ತದೆ, ಮೇಲೆ ಮರದ ಕಟ್ಟು ಬೇರೆ. ನಿಮ್ಮ ಗೋಡೆ ಅಜ್ಜನ ಫೋಟೋ ಹೊತ್ತಿದ್ದರೆ ಇದನ್ನೂ ಹೊರುತ್ತದೆ.

ಆದರೂ ಮಣ್ಣಿನ ಗೋಡೆಗೆ ಹೊಸ ಮೊಳೆ ಬೇಡ. ಮೇಲೆ ಜಂತಿ ಇದೆಯಲ್ಲ, ಅದಕ್ಕೆ ಎರಡು ಸಣ್ಣ ಕೊಕ್ಕೆ ಹಾಕಿ, ಎರಡು ತೆಳು ಸ್ಟೀಲ್ ತಂತಿ ಇಳಿಬಿಟ್ಟು ತೂಗುಹಾಕಿ. ಒಂದೇ ತಂತಿ ಹಾಕಿದರೆ ಗಾಳಿಗೆ ಓರೆಯಾಗುತ್ತಿರುತ್ತದೆ. ಹಿಂದೆ ನಾಲ್ಕು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿ, ಇಲ್ಲದಿದ್ದರೆ ಅಂಚು ಸುಣ್ಣದ ಗೋಡೆಗೆ ತಿಕ್ಕಿ ತಿಕ್ಕಿ ಗೆರೆ ಮೂಡುತ್ತದೆ. ಮೂಲೆಗಳು ಚೂಪಾಗಿರುತ್ತವೆ, ಮನೆಯಲ್ಲಿ ಮಕ್ಕಳಿದ್ದರೆ ಗುಂಡಗೆ ಕತ್ತರಿಸಿದ ಮೂಲೆಯನ್ನೇ ಕೇಳಿ. ನಾನು ಒಮ್ಮೆ ಅಂಗಡಿಯಲ್ಲಿ ಅವಸರದಿಂದ ಹಾಳೆ ಎತ್ತಿ ಹೆಬ್ಬೆರಳು ಸೀಳಿಕೊಂಡಿದ್ದೇನೆ.

ಗ್ಲಾಸಿ (ಹೊಳಪಿನದು) ತೆಗೆದುಕೊಳ್ಳಲಾ, ಮ್ಯಾಟ್ (ಹೊಳಪಿಲ್ಲದ್ದು) ತೆಗೆದುಕೊಳ್ಳಲಾ? (ಐದು ಪತ್ರಗಳಲ್ಲಿ ಇದೇ ಪ್ರಶ್ನೆ)

ನನ್ನ ಮನೆಯ ಕಥೆ ಹೇಳುತ್ತೇನೆ. ಮೊಂಡ್ರಿಯಾನ್‌ನ ಕೆಂಪು, ನೀಲಿ, ಹಳದಿ ಚೌಕಗಳ ಚಿತ್ರ, 1930ರದು, ನನಗೆ ಬಹಳ ಇಷ್ಟ. ಕಟ್ಟು ಹಾಕುವವನಿಗೆ ಇಷ್ಟವಾಗದೆ ಇರುತ್ತದೆಯೇ, ಒಳಗೆಲ್ಲ ಕಪ್ಪು ಪಟ್ಟಿಯೇ! ಗ್ಲಾಸಿಯಲ್ಲಿ ಹಾಕಿಸಿದೆ, ಅಂಗಡಿಯಲ್ಲಿ ಕಣ್ಣು ಕುಕ್ಕುವ ಹಾಗಿತ್ತು. ಮನೆಯಲ್ಲಿ ಕಿಟಕಿಯ ಎದುರು ಗೋಡೆಗೆ ಹಾಕಿದೆ. ಆವತ್ತಿನಿಂದ ಆ ದೊಡ್ಡ ಕೆಂಪು ಚೌಕದೊಳಗೆ ಬೆಳಗಿನಿಂದ ಸಂಜೆವರೆಗೆ ಎದುರು ಮನೆಯವರ ಕಪ್ಪು ನೀರಿನ ಟ್ಯಾಂಕ್ ನಿಂತಿದೆ. ಸಂಜೆ ಮೇಲೆ ಟ್ಯಾಂಕ್ ಹೋಗಿ ಟ್ಯೂಬ್‌ಲೈಟ್ ಬರುತ್ತದೆ. ಚಿತ್ರ ನೋಡಬೇಕಾದರೆ ಗೋಡೆಗೆ ಒರಗಿಕೊಂಡು ಓರೆಗಣ್ಣಿನಲ್ಲಿ ನೋಡಬೇಕು.

ಆದ್ದರಿಂದ ಆರ್ಡರ್ ಕೊಡುವ ಮೊದಲು ಅಡುಗೆಮನೆಯಿಂದ ಒಂದು ಸ್ಟೀಲ್ ಗಂಗಾಳ ತನ್ನಿ. ಚಿತ್ರ ಬರುವ ಜಾಗದಲ್ಲಿ ಒಬ್ಬರು ಹಿಡಿದು ನಿಲ್ಲಲಿ, ನೀವು ಸೋಫಾದಲ್ಲಿ ಕೂತು ನೋಡಿ. ಗಂಗಾಳದಲ್ಲಿ ಏನು ಹೊಳೆಯುತ್ತದೋ ಅದು ನಿಮ್ಮ ಚಿತ್ರದಲ್ಲೂ ಹೊಳೆಯುತ್ತದೆ, ಸ್ವಲ್ಪ ಮಂದವಾಗಿ ಅಷ್ಟೇ. ಕಿಟಕಿ ಕಂಡರೆ ಮ್ಯಾಟ್ ಅಥವಾ ಸ್ಯಾಟಿನ್ (ಅರೆ ಹೊಳಪಿನದು). ಏನೂ ಕಾಣದಿದ್ದರೆ ಧೈರ್ಯವಾಗಿ ಗ್ಲಾಸಿ, ಬಣ್ಣ ಅದರಲ್ಲೇ ಆಳ.

ಅಂದಹಾಗೆ ಆ ಮೊಂಡ್ರಿಯಾನ್ ಅಸಲಿ ಬರೀ ಒಂದೂವರೆ ಅಡಿಯ ಚೌಕ. ನಾನು ಮೂರು ಅಡಿ ಮಾಡಿಸಿದ್ದೆ, ಅದೂ ತಪ್ಪೇ. ನೀವು ಮೊದಲು ಹಳೇ ಪೇಪರ್ ಕತ್ತರಿಸಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ.

ಕ್ಯಾಂಪ್, ಬೆಳಗಾವಿಯಿಂದ: ನಮ್ಮ ಮಳೆಗೆ ತುಕ್ಕು ಹಿಡಿಯುತ್ತದೆಯೇ?

ಅಲ್ಯೂಮಿನಿಯಂಗೆ ತುಕ್ಕು ಇಲ್ಲ. ಉಕ್ಕಿನ ತಗಡಿಗೆ ಇದೆ, ಅಂಚಿನಿಂದ ಶುರು. ನಮ್ಮಲ್ಲಿ ಜುಲೈನಲ್ಲಿ ಗೋಡೆ ಬೆವರುವಾಗ ಕೆಡುವುದು ಬೇರೆಯೇ: ಹಿಂದೆ ಅಂಟಿಸಿದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆಯ) ಪಟ್ಟಿ. ಅದು ನೀರು ಕುಡಿದು ಉಬ್ಬಿ, ಅಂಟು ಬಿಟ್ಟು, ಒಂದು ರಾತ್ರಿ ಧಡ್ ಅಂತ ಚಿತ್ರ ಕೆಳಗೆ. ಹಿಂದಿನ ಪಟ್ಟಿ ಅಲ್ಯೂಮಿನಿಯಂನದೇ ಇರಲಿ, ಗೋಡೆಗೂ ಚಿತ್ರಕ್ಕೂ ನಡುವೆ ಅರ್ಧ ಇಂಚು ಗಾಳಿ ಆಡಲಿ. ಇಲ್ಲಿ ಕಾಗದದ ಚಿತ್ರಕ್ಕೆ ಗಾಜಿನ ಒಳಗೆ ಬೂಸ್ಟು ಬರುವುದನ್ನು ನೋಡಿ ನೋಡಿ ಸಾಕಾಗಿದೆ ನನಗೆ. ಆ ಮಟ್ಟಿಗೆ ಬೆಳಗಾವಿಯವರಿಗೆ ತಗಡೇ ವಾಸಿ.

ವಿಜಯಪುರದಿಂದ: ಇಲ್ಲಿ ಬಿಸಿಲು, ಧೂಳು. ಬಣ್ಣ ಹೋಗುತ್ತದೆಯೇ? ಹೇಗೆ ಒರೆಸುವುದು?

ನೇರ ಬಿಸಿಲು ಬಿದ್ದರೆ ಹೋಗುತ್ತದೆ. ಎಷ್ಟೇ ಗ್ಯಾರಂಟಿ ಬರೆದುಕೊಟ್ಟರೂ ಪಡುವಣ ಕಿಟಕಿಯ ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ, ಹೊರಗಿನ ಕಟ್ಟೆಗಂತೂ ಬೇಡವೇ ಬೇಡ. ಧೂಳನ್ನು ಒಣ ಬಟ್ಟೆಯಿಂದ ತಿಕ್ಕಬೇಡಿ, ನಿಮ್ಮ ಕಡೆಯ ಧೂಳೇ ಮರಳು ಕಾಗದದ ಕೆಲಸ ಮಾಡುತ್ತದೆ. ಮೊದಲು ಮೆತ್ತನೆಯ ಕುಂಚದಿಂದ ಝಾಡಿಸಿ, ಆಮೇಲೆ ಹಳೇ ಹತ್ತಿ ಪಂಚೆ ಒದ್ದೆ ಮಾಡಿ ಹಿಂಡಿ ಒರೆಸಿ. ಬೋರಿನ ಗಡಸು ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ಕುಡಿಯುವ ಫಿಲ್ಟರ್ ನೀರು ತೆಗೆದುಕೊಳ್ಳಿ. ಲಿಂಬೆಹಣ್ಣು, ಸೋಡಾ, ಥಿನ್ನರ್ ಯಾವುದೂ ಬೇಡ.

ಬಾಗಲಕೋಟೆ ಜಿಲ್ಲೆಯ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರರಿಂದ: ನೀವು ಜನರಿಗೆ ನಕಲು ಕೊಳ್ಳುವುದನ್ನು ಕಲಿಸುತ್ತಿದ್ದೀರಿ. ಅದೇ ಎಂಟು ಸಾವಿರಕ್ಕೆ ನಮ್ಮ ಕಲಾವಿದರ ಒಂದು ಅಸಲಿ ಜಲವರ್ಣ ಬರುವುದಿಲ್ಲವೇ?

ಬರುತ್ತದೆ ಸರ್. ಈ ಮಾತು ನನಗೆ ಚುಚ್ಚಿತು, ಅದಕ್ಕೇ ಪತ್ರವನ್ನು ಪೂರ್ತಿ ಹಾಕಿಸಿದ್ದೇನೆ. ಎಂಟು ಸಾವಿರ ಕೈಯಲ್ಲಿದ್ದವರು ಮೊದಲು ಊರಿನ ಚಿತ್ರಕಲಾ ಶಾಲೆಯ ಪ್ರದರ್ಶನಕ್ಕೆ ಹೋಗಿ ಬನ್ನಿ ಅಂತ ನಾನೂ ಹೇಳುತ್ತೇನೆ. ಬಾದಾಮಿಯ ಬಂಡೆಯ ಮೇಲೆ ಸಂಜೆ ಬಿಸಿಲು ಬಿದ್ದದ್ದನ್ನು ಅಲ್ಲೇ ಕೂತು ಬರೆದ ಚಿತ್ರಕ್ಕೆ ಯಾವ ಮಷೀನೂ ಸಾಟಿ ಅಲ್ಲ. ಆದರೆ ಸರ್, ವ್ಯಾನ್ ಗೋ ನೋಡಲು ನ್ಯೂಯಾರ್ಕ್‌ಗೆ ಹೋಗುವುದು ನಮ್ಮಿಂದ ಆಗುತ್ತದೆಯೇ? ನನ್ನ ಅಂಗಡಿಗೆ ಬರುವ ಹುಡುಗರು ಆ ಹೆಸರು ಕೇಳಿದ್ದೇ ಇಂಥ ಪ್ರಿಂಟ್‌ಗಳಿಂದ. ನಕಲು ಅಂತ ಗೊತ್ತಿದ್ದು ಕೊಂಡರೆ ತಪ್ಪೇನಿಲ್ಲ. ಸಿಟ್ಟು ಬರುವುದು ಅದಕ್ಕೆ 'ಲಿಮಿಟೆಡ್ ಎಡಿಷನ್' ಅಂತ ಸರ್ಟಿಫಿಕೇಟ್ ಅಂಟಿಸಿ, ಮುಂದೆ ಬೆಲೆ ಏರುತ್ತದೆ ಅಂತ ಮಾರುವವರ ಮೇಲೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಫೈಲ್‌ಗೆ ಎಂಥ ಲಿಮಿಟ್ಟು! ನಾಳೆ ಮಾರಲು ಹೋದರೆ ಗುಜರಿಯವನು ಅಲ್ಯೂಮಿನಿಯಂ ಅಂತ ತೂಕಕ್ಕೆ ಹಾಕುತ್ತಾನೆ.

ಜಮಖಂಡಿಯಿಂದ: ಅಕ್ಕನ ಮನೆಯ ವಾಸ್ತುಶಾಂತಿಗೆ ದೊಡ್ಡ ಮೆಟಲ್ ಪ್ರಿಂಟ್ ಉಡುಗೊರೆ ಕೊಡಬೇಕು ಅಂತಿದ್ದೇನೆ. ಯಾವ ಚಿತ್ರ ಕೊಡಲಿ?

ಯಾವುದೂ ಬೇಡ ತಮ್ಮಾ. ಗೋಡೆ ಅವರದು, ಭಾವನವರಿಗೆ ಇಷ್ಟವಾಗದಿದ್ದರೂ ನೀನು ಬಂದಾಗಲೆಲ್ಲ ಮಂಚದ ಕೆಳಗಿಂದ ತೆಗೆದು ತೂಗುಹಾಕಬೇಕಾಗುತ್ತದೆ. ದುಡ್ಡು ಅಕ್ಕನ ಕೈಯಲ್ಲಿ ಕೊಡು, ಗಂಗಾಳದ ವಿದ್ಯೆ ಹೇಳಿಕೊಡು, ಅವರೇ ಆರಿಸಿಕೊಳ್ಳಲಿ. ಬರಿಗೈಯಲ್ಲಿ ಹೋಗಲು ಸಂಕೋಚ ಅನ್ನಿಸಿದರೆ ಒಂದು ಇಳಕಲ್ ಸೀರೆ ತೆಗೆದುಕೊಂಡು ಹೋಗು. ಗೋಡೆ ಗಡಿಯಾರ ಮಾತ್ರ ಬೇಡ, ಈಗಾಗಲೇ ನಾಲ್ಕು ಬಂದಿರುತ್ತವೆ.